ಎಫ್‌ಎಲ್‌ಪಿ ಎಂದು ಬರೆದರೆ ಸಾಲದು: ಡಿಸ್ಟಿಲರಿ, ಫೌಂಡ್ರಿ, ಕೋಲ್ಡ್ ಸ್ಟೋರೇಜ್‌ಗೆ ಸರಿಯಾದ ಫ್ಯಾನ್ ಆರಿಸುವ ಬಗೆ

ಕಾರ್ಖಾನೆಯ ಸ್ಟೋರ್ಸ್‌ನಿಂದ ಹೊರಡುವ ಎನ್‌ಕ್ವೈರಿಯಲ್ಲಿ ಬಹುತೇಕ ಒಂದೇ ಸಾಲು ಇರುತ್ತದೆ: ‘ಎಕ್ಸಾಸ್ಟ್ ಫ್ಯಾನ್, 18 ಇಂಚು, ಎಫ್‌ಎಲ್‌ಪಿ, 2 ನಂಬರ್’. ಎಫ್‌ಎಲ್‌ಪಿ ಎಂದರೆ ಫ್ಲೇಮ್‌ಪ್ರೂಫ್, ಒಳಗೆ ಹೊತ್ತಿದ ಬೆಂಕಿ ಹೊರಗಿನ ಅನಿಲಕ್ಕೆ ತಗಲದಂತೆ ಕಟ್ಟಿದ ಯಂತ್ರ. ಮೂರು ಕೊಟೇಶನ್ ಬರುತ್ತವೆ, ಕಡಿಮೆ ದರದವರಿಗೆ ಆರ್ಡರ್ ಹೋಗುತ್ತದೆ. ಬಂದ ಪೆಟ್ಟಿಗೆ ಬಿಚ್ಚಿದರೆ ಒಳಗೆ ಫ್ಲೇಮ್‌ಪ್ರೂಫ್ ಮೋಟರ್ ಇರುತ್ತದೆ, ಅದಕ್ಕೆ ಸರ್ಟಿಫಿಕೇಟೂ ಇರುತ್ತದೆ. ಆದರೆ ಆ ಮೋಟರ್ ತಿರುಗಿಸುವ ಬ್ಲೇಡ್ ಮಾಮೂಲಿ ಕಬ್ಬಿಣದ ತಗಡಿನದು, ಸುತ್ತಲಿನ ರಿಂಗ್ ಕೂಡ ಕಬ್ಬಿಣದ್ದೇ. ಬೇರಿಂಗ್ ಸವೆದು ಶಾಫ್ಟ್ ಎರಡು ಮಿಲಿಮೀಟರ್ ಕೆಳಗಿಳಿದ ದಿನ ಬ್ಲೇಡ್ ರಿಂಗಿಗೆ ಉಜ್ಜಿ ಕಿಡಿ ಹಾರುತ್ತದೆ. ಮೋಟರಿನ ಸರ್ಟಿಫಿಕೇಟ್ ಆ ಕಿಡಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಅಪಾಯಕಾರಿ ಜಾಗದಲ್ಲಿ ಕೂರುವ ಫ್ಯಾನ್ ಎಂದರೆ ಎರಡು ಯಂತ್ರ: ಒಂದು ವಿದ್ಯುತ್ತಿನದು, ಇನ್ನೊಂದು ಬರೀ ಮೆಕ್ಯಾನಿಕಲ್. ಎರಡನ್ನೂ ಬೇರೆ ಬೇರೆಯಾಗಿ ಆರಿಸಬೇಕು. ಆರಿಸುವ ಕೆಲಸ ಕ್ಯಾಟಲಾಗಿನಿಂದ ಶುರುವಾಗುವುದಿಲ್ಲ, ಆ ಕೋಣೆಯ ಗಾಳಿಯಲ್ಲಿ ಏನು ಸೇರಿಕೊಳ್ಳುತ್ತದೆ ಎಂಬುದರಿಂದ ಶುರುವಾಗುತ್ತದೆ.

ಮೊದಲು ಆವಿ ಯಾವುದೆಂದು ತಿಳಿಯಬೇಕು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಊರಿಂದೂರಿಗೆ ಬೇರೆ. ಮುಧೋಳ, ಜಮಖಂಡಿ, ಅಥಣಿ, ಗೋಕಾಕ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಅಂಟಿಕೊಂಡ ಡಿಸ್ಟಿಲರಿಗಳಲ್ಲಿ ಅದು ಎಥನಾಲ್. ಸ್ಪೆಂಟ್ ವಾಶ್ (ಡಿಸ್ಟಿಲರಿಯಿಂದ ಹೊರಬರುವ ಕೊಳಕು ನೀರು) ಕೊಳೆಸಿ ಬಯೋಗ್ಯಾಸ್ ಮಾಡುವ ಡೈಜೆಸ್ಟರ್ ಇದ್ದಲ್ಲಿ ಮೀಥೇನ್, ಜೊತೆಗೆ ಹೈಡ್ರೋಜನ್ ಸಲ್ಫೈಡ್. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಕೋರ್ (ಎರಕದೊಳಗೆ ಟೊಳ್ಳು ಬಿಡಿಸಲು ಇಡುವ ಮರಳಿನ ಅಚ್ಚು) ಗಟ್ಟಿ ಮಾಡಲು ಬಿಡುವ ಅಮೀನ್ ಆವಿ, ಕೋರ್‌ಗೆ ಬಳಿಯುವ ವಾಶ್‌ನಲ್ಲಿರುವ ಐಸೋಪ್ರೊಪೈಲ್ ಆಲ್ಕೋಹಾಲ್. ಹೈಡ್ರಾಲಿಕ್ ಸಿಲಿಂಡರ್ ಮಾಡುವವರ ಪೇಂಟ್ ಬೂತ್‌ನಲ್ಲಿ ಥಿನ್ನರ್. ವಿಜಯಪುರದ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್‌ಗಳ ಮಷೀನ್ ರೂಮಿನಲ್ಲಿ ಅಮೋನಿಯಾ. ಎಲ್ಲೆಡೆ ಇರುವ ಬ್ಯಾಟರಿ ಚಾರ್ಜಿಂಗ್ ಕೋಣೆಯಲ್ಲಿ ಹೈಡ್ರೋಜನ್.

ಪ್ರತಿಯೊಂದರದೂ ನಾಲ್ಕು ಗುಣ ಗೊತ್ತಿರಬೇಕು. ಗಾಳಿಯಲ್ಲಿ ಎಷ್ಟು ಸೇರಿದರೆ ಹೊತ್ತಿಕೊಳ್ಳುತ್ತದೆ (ಇದಕ್ಕೆ ಎಲ್‌ಇಎಲ್ ಎನ್ನುತ್ತಾರೆ), ಎಷ್ಟು ಬಿಸಿಯಾದ ಮೇಲ್ಮೈ ಮುಟ್ಟಿದರೆ ಕಿಡಿಯಿಲ್ಲದೆಯೂ ಹೊತ್ತುತ್ತದೆ, ಅದರ ಜ್ವಾಲೆ ಎಷ್ಟು ಸಣ್ಣ ಸಂದಿಯಲ್ಲಿ ನುಸುಳುತ್ತದೆ, ಗಾಳಿಗಿಂತ ಹಗುರವೋ ಭಾರವೋ.

ಎಥನಾಲ್ ಆವಿ ಸುಮಾರು 3.3 ಶೇಕಡಾದಿಂದ 19 ಶೇಕಡಾದವರೆಗೆ ಹೊತ್ತಿಕೊಳ್ಳುತ್ತದೆ. ಅದರ ಫ್ಲ್ಯಾಶ್ ಪಾಯಿಂಟ್ 13 ಡಿಗ್ರಿಯ ಆಸುಪಾಸು. ಅಂದರೆ ನಮ್ಮಲ್ಲಿ ವರ್ಷದ ಹೆಚ್ಚುಕಡಿಮೆ ಎಲ್ಲ ದಿನವೂ, ಹಗಲು ರಾತ್ರಿ, ಚೆಲ್ಲಿದ ಎಥನಾಲ್ ಮೇಲೆ ಹೊತ್ತುವಷ್ಟು ಆವಿ ಇದ್ದೇ ಇರುತ್ತದೆ. ಆವಿ ಗಾಳಿಗಿಂತ ಒಂದೂವರೆ ಪಟ್ಟಿಗೂ ಮಿಗಿಲು ಭಾರ, ಹಾಗಾಗಿ ನೆಲಕ್ಕೆ ಇಳಿದು ಕೇಬಲ್ ಟ್ರೆಂಚ್ ಹುಡುಕಿಕೊಂಡು ಹೋಗುತ್ತದೆ. ಚಾವಣಿಯಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿದ ಎಥನಾಲ್ ಪಂಪ್ ಹೌಸ್‌ಗಳಿಗೆ ಲೆಕ್ಕವಿಲ್ಲ. ಆ ಫ್ಯಾನ್ ಬಿಸಿಗಾಳಿಯನ್ನು ಹೊರಗೆ ಹಾಕುತ್ತದೆ, ಅಷ್ಟೆ. ಎಥನಾಲ್‌ಗೆ ಹೀರುವ ಬಾಯಿ ನೆಲದಿಂದ ಒಂದಡಿ ಎತ್ತರದೊಳಗೆ ಇರಬೇಕು.

ಮೀಥೇನ್, ಅಮೋನಿಯಾ, ಹೈಡ್ರೋಜನ್ ಮೂರೂ ಹಗುರ. ಇವುಗಳಿಗೆ ಬಾಯಿ ಚಾವಣಿಯ ಅತಿ ಎತ್ತರದ ಮೂಲೆಯಲ್ಲಿ ಬೇಕು, ಬೀಮ್‌ಗಳ ನಡುವೆ ಅನಿಲ ನಿಲ್ಲುವ ಸಂದು ಉಳಿಯಬಾರದು. ಆದರೆ ಸ್ಪೆಂಟ್ ವಾಶ್ ಅನಿಲದಲ್ಲಿರುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಸ್ವಲ್ಪ ಭಾರ. ಬಯೋಗ್ಯಾಸ್ ಬ್ಲೋವರ್ ಕೋಣೆಗೆ ಮೇಲೂ ಕೆಳಗೂ ಬಾಯಿ ಕೊಡುವುದು ಇದೇ ಕಾರಣಕ್ಕೆ.

ಗ್ಯಾಸ್ ಗ್ರೂಪ್ ಮತ್ತು ಟಿ-ಕ್ಲಾಸ್

ಫ್ಲೇಮ್‌ಪ್ರೂಫ್ ಮೋಟರ್ ಒಳಗೆ ಅನಿಲ ಹೋಗುವುದೇ ಇಲ್ಲ ಎಂಬುದು ತಪ್ಪು ಕಲ್ಪನೆ. ಅನಿಲ ಒಳಗೆ ಹೋಗುತ್ತದೆ, ಒಳಗೇ ಹೊತ್ತಿ ಸಿಡಿಯಲೂಬಹುದು. ಎರಕದ ಕವಚ ಆ ಒತ್ತಡ ತಡೆದುಕೊಳ್ಳಬೇಕು, ಜೋಡಣೆಯ ಸಂದಿಯಲ್ಲಿ ಹೊರಬರುವ ಬೆಂಕಿ ಲೋಹಕ್ಕೆ ತಾಗಿ ತಣ್ಣಗಾಗಿ, ಹೊರಗಿನ ಅನಿಲವನ್ನು ಹೊತ್ತಿಸದಷ್ಟು ಸೋತಿರಬೇಕು. ಎಷ್ಟು ಸಂದಿ ಸುರಕ್ಷಿತ ಎಂಬುದು ಅನಿಲದ ಮೇಲೆ ನಿಂತಿದೆ. ಪ್ರಯೋಗದಲ್ಲಿ ಕಂಡ ಸುರಕ್ಷಿತ ಸಂದಿ 0.9 ಮಿಲಿಮೀಟರ್‌ಗೆ ಕಡಿಮೆಯಿಲ್ಲದ ಅನಿಲಗಳು ಐಐಎ ಗ್ರೂಪ್, 0.9ಕ್ಕೂ 0.5ಕ್ಕೂ ನಡುವಿನವು ಐಐಬಿ, 0.5 ಅಥವಾ ಅದಕ್ಕಿಂತ ಕಡಿಮೆಯವು ಐಐಸಿ. ಮೋಟರಿನ ನೇಮ್‌ಪ್ಲೇಟಿನ ಮೇಲೆ ಈ ‘ಐಐ’ಯನ್ನು ರೋಮನ್ ಅಂಕಿಯಲ್ಲಿ II ಎಂದು ಬರೆದಿರುತ್ತಾರೆ.

ಮೀಥೇನ್, ಅಮೋನಿಯಾ, ಟಾಲ್ಯೂಯಿನ್, ಐಸೋಪ್ರೊಪೈಲ್ ಆಲ್ಕೋಹಾಲ್ ಐಐಎ. ಹೈಡ್ರೋಜನ್ ಸಲ್ಫೈಡ್ ಐಐಬಿ. ಹೈಡ್ರೋಜನ್, ಅಸಿಟಿಲೀನ್ ಐಐಸಿ. ಎಥನಾಲ್ ಗಡಿಯಲ್ಲಿದೆ: ಅದರ ಸಂದಿ 0.89. ಕೆಲವು ಪಟ್ಟಿಗಳಲ್ಲಿ ಅದನ್ನು ಐಐಎಗೆ ಸೇರಿಸಿರುವುದು ಕಾಣುತ್ತದೆ, ಆದರೆ ಐಐಬಿ ಎಂದೇ ಹಿಡಿಯಬೇಕು. ಐಐಬಿ ಮೋಟರ್ ಐಐಎ ಜಾಗಕ್ಕೂ ನಡೆಯುತ್ತದೆ, ಐಐಸಿ ಮೂರಕ್ಕೂ ನಡೆಯುತ್ತದೆ. ತಿರುಗಾಮುರುಗಾ ಮಾಡುವಂತಿಲ್ಲ. ಬ್ಯಾಟರಿ ಕೋಣೆಗೆ ಡಿಸ್ಟಿಲರಿಯ ಸ್ಪೇರ್ ಫ್ಯಾನ್ ಏರಿಸುವಾಗ ಜನ ಮರೆಯುವುದು ಇದನ್ನೇ.

ಟಿ-ಕ್ಲಾಸ್ ಎಂದರೆ ಯಂತ್ರದ ಮೇಲ್ಮೈ ಅತಿ ಹೆಚ್ಚೆಂದರೆ ಎಷ್ಟು ಬಿಸಿಯಾಗಬಹುದು ಎಂಬುದು. ಟಿ1ಕ್ಕೆ 450 ಡಿಗ್ರಿ, ಟಿ2ಕ್ಕೆ 300, ಟಿ3ಕ್ಕೆ 200, ಟಿ4ಕ್ಕೆ 135, ಟಿ5ಕ್ಕೆ 100, ಟಿ6ಕ್ಕೆ 85. ಎಥನಾಲ್‌ಗೆ ಟಿ2 ಸಾಕು. ಹೈಡ್ರೋಜನ್ ಸಲ್ಫೈಡ್ ಸುಮಾರು 260 ಡಿಗ್ರಿಯಲ್ಲಿ ತಾನಾಗಿ ಹೊತ್ತುತ್ತದೆ, ಅದಕ್ಕೆ ಟಿ3 ಬೇಕು. ಕೋರ್ ಶಾಪ್‌ನ ಟ್ರೈಈಥೈಲ್ ಅಮೀನ್ ಇನ್ನೂ ಕೆಳಗೆ, 215ರ ಹತ್ತಿರ, ಅದೂ ಟಿ3. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಟಿ4 ಮೋಟರ್ ಈ ಎಲ್ಲವನ್ನೂ ನಿಭಾಯಿಸುತ್ತದೆ. ಆದರೂ ಎನ್‌ಕ್ವೈರಿಗಳಲ್ಲಿ ‘ಟಿ6’ ಎಂದು ಬರೆಯುವುದು ಒಂದು ಚಟವಾಗಿಬಿಟ್ಟಿದೆ. 85 ಡಿಗ್ರಿ ದಾಟದ ಮೋಟರ್ ಬೇಕೆಂದರೆ ಅದೇ ಕಿಲೋವ್ಯಾಟ್‌ಗೆ ದೊಡ್ಡ ಫ್ರೇಮ್ ಬೇಕು, ದುಡ್ಡು ಹೆಚ್ಚು, ತೂಕ ಹೆಚ್ಚು, ತಡವೂ ಹೆಚ್ಚು. ಕಾರ್ಬನ್ ಡೈಸಲ್ಫೈಡ್‌ನಂಥ ವಸ್ತು ಇದ್ದರೆ ಮಾತ್ರ ಅದು ಸರಿ, ನಮ್ಮ ಕಡೆಯ ಕಾರ್ಖಾನೆಗಳಲ್ಲಿ ಅದರ ಮಾತೇ ಬರುವುದಿಲ್ಲ.

ಟಿ6ಕ್ಕೆ ಸುರಿಯುವ ದುಡ್ಡನ್ನು ಸುತ್ತಲಿನ ತಾಪಮಾನದ ಅಂಕಿಗೆ ಕೊಡುವುದು ಜಾಣತನ. ಪ್ಲೇಟಿನ ಮೇಲೆ ಬೇರೇನೂ ಬರೆಯದಿದ್ದರೆ ಆ ಸರ್ಟಿಫಿಕೇಟ್ ಮೈನಸ್ 20ರಿಂದ 40 ಡಿಗ್ರಿಯವರೆಗೆ ಮಾತ್ರ ನಿಲ್ಲುತ್ತದೆ. ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ನೆರಳಲ್ಲೇ 40 ದಾಟುತ್ತದೆ, ತಗಡಿನ ಶೆಡ್ಡಿನ ಮಾಡಿನ ಕೆಳಗೆ ಇನ್ನೂ ಜಾಸ್ತಿ. ಏಪ್ರಿಲ್-ಮೇ ತಿಂಗಳಲ್ಲಿ ಸರ್ಟಿಫಿಕೇಟಿನ ಮಿತಿಯ ಹೊರಗೆ ಓಡುವ ಮೋಟರ್ ಕಾಗದದ ಮೇಲೆ ಫ್ಲೇಮ್‌ಪ್ರೂಫ್ ಅಲ್ಲವೇ ಅಲ್ಲ. ಸುತ್ತಲಿನ ತಾಪಮಾನ 50 ಡಿಗ್ರಿ ಎಂದು ಆರ್ಡರಿನಲ್ಲೇ ಬರೆಸಬೇಕು, ಪ್ಲೇಟಿನ ಮೇಲೂ ಅದು ಕೆತ್ತಿರಬೇಕು.

ಫ್ಯಾನ್ ನಿಂತಾಗ ಇರುವ ಜೋನ್

ಅನಿಲ ಸದಾ ಅಥವಾ ಬಹುಕಾಲ ಇರುವ ಜಾಗ ಜೋನ್ 0, ಮಾಮೂಲಿ ಕೆಲಸದಲ್ಲಿ ಆಗಾಗ ಬರುವುದು ಜೋನ್ 1, ಅಪರೂಪಕ್ಕೆ ಸ್ವಲ್ಪ ಹೊತ್ತು ಬರುವುದು ಜೋನ್ 2. ಒಂದು ಅಂದಾಜಿಗೆ, ವರ್ಷಕ್ಕೆ ಸಾವಿರ ಗಂಟೆ ಮೀರಿದರೆ 0, ಹತ್ತು ಗಂಟೆಗಿಂತ ಕಡಿಮೆ ಇದ್ದರೆ 2, ನಡುವಿನದು 1. ಭಾರತದಲ್ಲಿ ಇದಕ್ಕೆ ಐಎಸ್ 5572 ಮತ್ತು ಐಎಸ್/ಐಇಸಿ 60079ರ ಭಾಗ 10-1 ಎಂಬ ಮಾನದಂಡಗಳು ಆಧಾರ.

ಇಲ್ಲೊಂದು ಸುಳಿಯಿದೆ. ಗಾಳಿಯಾಡುವಿಕೆ ಚೆನ್ನಾಗಿದ್ದರೆ ಜೋನ್ 1 ಜಾಗವನ್ನು ಜೋನ್ 2 ಎಂದು ಇಳಿಸಿ ಬರೆಯಲು ಅವಕಾಶವಿದೆ. ಡ್ರಾಯಿಂಗ್‌ನಲ್ಲಿ ಹಾಗೆ ಬರೆದ ಮೇಲೆ ಖರೀದಿಯವರು ಫ್ಯಾನನ್ನೂ ಜೋನ್ 2ಕ್ಕೆ ಸಾಕಾಗುವ ಅಗ್ಗದ್ದನ್ನೇ ತರುತ್ತಾರೆ. ಆದರೆ ಆ ಜಾಗ ಜೋನ್ 2 ಆಗಿರುವುದೇ ಫ್ಯಾನ್ ಓಡುತ್ತಿರುವುದರಿಂದ. ಕರೆಂಟ್ ಹೋಗಿ ಫ್ಯಾನ್ ನಿಂತು, ಅರ್ಧ ಗಂಟೆ ಆವಿ ಸೇರಿ, ಕರೆಂಟ್ ಬಂದು ಫ್ಯಾನ್ ಶುರುವಾಗುವ ಆ ಕ್ಷಣದಲ್ಲಿ ಅದು ನಿಂತಿರುವುದು ಜೋನ್ 1ರಲ್ಲಿ. ಆದ್ದರಿಂದ ಫ್ಯಾನಿಗೂ, ಅದರ ಸ್ಟಾರ್ಟರಿಗೂ, ಗ್ಯಾಸ್ ಡಿಟೆಕ್ಟರಿಗೂ ಗಾಳಿಯೇ ಆಡದಿದ್ದರೆ ಯಾವ ಜೋನ್ ಆಗುತ್ತಿತ್ತೋ ಅದನ್ನೇ ಹಿಡಿಯಬೇಕು.

ಜೋನ್ 0 ಒಳಗೆ ಫ್ಯಾನ್ ಮೋಟರ್ ಇಡುವ ಮಾತೇ ಬೇಡ. ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ ಎಥನಾಲ್ ಟ್ಯಾಂಕ್, ಸ್ಪೆಂಟ್ ವಾಶ್ ಟ್ಯಾಂಕ್ ಸ್ವಚ್ಛ ಮಾಡಲು ಮ್ಯಾನ್‌ಹೋಲಿನ ಬಳಿ ಮನೆಯ ಪೆಡೆಸ್ಟಲ್ ಫ್ಯಾನ್ ತಂದು ನಿಲ್ಲಿಸುವುದನ್ನು ಈಗಲೂ ನೋಡಬಹುದು. ಅಲ್ಲಿ ಬೇಕಾಗಿರುವುದು ಕಂಪ್ರೆಸ್ಡ್ ಏರ್‌ನಿಂದ ನಡೆಯುವ ಏರ್ ಮೂವರ್. ತಿರುಗುವ ಭಾಗವೇ ಇಲ್ಲದ ವೆಂಚುರಿ ಕೊಳವೆ ಅದು. ಅದನ್ನೂ ಟ್ಯಾಂಕಿಗೆ ತಾಮ್ರದ ತಂತಿಯಿಂದ ಕಟ್ಟಿ ಅರ್ತ್ ಮಾಡಬೇಕು, ಹೋಸ್ ಆ್ಯಂಟಿಸ್ಟ್ಯಾಟಿಕ್ ಆಗಿರಬೇಕು. ಇಲ್ಲದಿದ್ದರೆ ಹರಿಯುವ ಗಾಳಿಯೇ ವಿದ್ಯುದಾವೇಶ ಕಟ್ಟಿಸಿ ಕಿಡಿ ಕೊಡುತ್ತದೆ.

ಪ್ಲೇಟಿನ ಮೇಲೆ ಏನಿರಬೇಕು

ಜೋನ್ 1ರ ಎಥನಾಲ್ ಕೋಣೆಗೆ ತರಿಸಿದ ಮೋಟರಿನ ಪ್ಲೇಟ್ ಹೀಗೆ ಓದಬೇಕು: ಎಕ್ಸ್ ಡಿಬಿ, ಐಐಬಿ, ಟಿ4, ಜಿಬಿ. ‘ಎಕ್ಸ್’ ಎಂದರೆ ಸ್ಫೋಟದಿಂದ ರಕ್ಷಣೆಯಿರುವ ಯಂತ್ರದ ಗುರುತು, ‘ಡಿಬಿ’ ಎಂದರೆ ಫ್ಲೇಮ್‌ಪ್ರೂಫ್ ಕವಚ, ‘ಜಿಬಿ’ ಎಂದರೆ ಜೋನ್ 1ಕ್ಕೆ ತಕ್ಕ ರಕ್ಷಣೆಯ ಮಟ್ಟ. ‘ಜಿಸಿ’ ಎಂದಿದ್ದರೆ ಅದು ಜೋನ್ 2ಕ್ಕೆ ಮಾತ್ರ. ಹಳೆಯ ಪ್ಲೇಟ್‌ಗಳಲ್ಲಿ ಬರೀ ‘ಎಕ್ಸ್ ಡಿ’ ಇರುತ್ತದೆ. ಜೊತೆಗೆ ಸರ್ಟಿಫಿಕೇಟ್ ನಂಬರ್, ಸುತ್ತಲಿನ ತಾಪಮಾನ, ದೂಳು-ನೀರು ಒಳಹೋಗದಂತಿರುವ ರಕ್ಷಣೆ ಹೇಳುವ ಐಪಿ ಅಂಕಿ. ಪೆಟ್ರೋಲಿಯಂ ನಿಯಮಗಳು 2002ರ ವ್ಯಾಪ್ತಿಗೆ ಬರುವ ಜಾಗವಾದರೆ ನಾಗಪುರದಲ್ಲಿ ಪ್ರಧಾನ ಕಚೇರಿಯಿರುವ, ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ ಪೆಸೋದ ಅನುಮೋದನೆಯೂ ಬೇಕು. ಹಳಬರು ಅದನ್ನು ಇನ್ನೂ ‘ಸಿಸಿಓಇ’ ಎಂದೇ ಕರೆಯುತ್ತಾರೆ. ಧನಬಾದಿನ ಸಿಂಫರ್ ಪ್ರಯೋಗಾಲಯದ ಟೆಸ್ಟ್ ರಿಪೋರ್ಟ್ ಒಂದು ಕಾಗದ, ಪೆಸೋ ಅನುಮೋದನೆ ಇನ್ನೊಂದು ಕಾಗದ. ಒಂದನ್ನು ತೋರಿಸಿ ಇನ್ನೊಂದು ಇದೆ ಎನ್ನುವ ಸಪ್ಲೈಯರ್‌ಗಳಿದ್ದಾರೆ. ಎರಡರಲ್ಲೂ ಫ್ರೇಮ್ ಸೈಜ್ ನೋಡಿ, ಬಂದ ಮೋಟರಿನದಕ್ಕೆ ತಾಳೆ ಹಾಕಬೇಕು.

ದಸರಾದಲ್ಲಿ ಆಯುಧ ಪೂಜೆಗೆ ಎಲ್ಲ ಮೋಟರಿಗೂ ಹೊಸ ಬಣ್ಣ ಬಳಿಯುವ ವಾಡಿಕೆ. ಮಾಡಲಿ, ಆದರೆ ಬಣ್ಣದವರು ಬರುವ ಮೊದಲು ಪ್ಲೇಟಿನ ಮೇಲೆ ಟೇಪ್ ಅಂಟಿಸಿ, ಓದಲಾಗದ ಪ್ಲೇಟ್ ಇದ್ದರೂ ಇಲ್ಲದಂತೆಯೇ. ಇನ್ನೂ ಮುಖ್ಯ, ಟರ್ಮಿನಲ್ ಬಾಕ್ಸ್ ಮುಚ್ಚಳ ಬಿಚ್ಚಿದಾಗ ಕಾಣುವ ನುಣುಪಾದ ಜೋಡು ಮೇಲ್ಮೈಗೆ ಬಣ್ಣ ತಗಲಬಾರದು.

ಕಿಡಿ ಹಾರದ ಇಂಪೆಲ್ಲರ್

ಇನ್ನು ಫ್ಯಾನಿನ ಎರಡನೇ ಯಂತ್ರ. ಮೊದಲ ಪ್ರಶ್ನೆ, ಮೋಟರ್ ಆ ಆವಿಯ ದಾರಿಯಲ್ಲಿ ಇರಲೇಬೇಕೇ? ಬೆಲ್ಟ್ ಹಾಕಿದ ಸೆಂಟ್ರಿಫ್ಯೂಗಲ್ (ನಡುವಿನಿಂದ ಹೀರಿ ಅಂಚಿಗೆ ಎಸೆಯುವ) ಬ್ಲೋವರ್‌ನಲ್ಲಿ ಮೋಟರ್ ಗೋಡೆಯಾಚೆ ಇರಬಹುದು. ಬೈಫರ್ಕೇಟೆಡ್ ಫ್ಯಾನಿನಲ್ಲಿ ಗಾಳಿ ಎರಡಾಗಿ ಸೀಳಿ ಮೋಟರಿನ ಸುತ್ತ ಹೋಗುತ್ತದೆ, ಮೋಟರ್ ನಡುವೆ ಬೇರೆ ಗೂಡಿನಲ್ಲಿರುತ್ತದೆ. ಪೇಂಟ್ ಬೂತ್‌ಗೆ ಇದು ತುಂಬ ಅನುಕೂಲ, ಏಕೆಂದರೆ ಹಾರಿಬರುವ ಬಣ್ಣ ಮೋಟರಿನ ಕೂಲಿಂಗ್ ಫಿನ್‌ಗಳ ಮೇಲೆ ಕೂತರೆ ಟಿ-ಕ್ಲಾಸಿನ ಲೆಕ್ಕವೆಲ್ಲ ಕೆಡುತ್ತದೆ. ಮೋಟರ್ ಹೊರಗಿಟ್ಟರೂ ಸುತ್ತಲಿನ ಜಾಗ ಅಪಾಯಕಾರಿಯಾದರೆ ಅದು ಫ್ಲೇಮ್‌ಪ್ರೂಫೇ ಇರಬೇಕು. ಬೆಲ್ಟ್ ಆ್ಯಂಟಿಸ್ಟ್ಯಾಟಿಕ್ ಆಗಿರಬೇಕು, ಬೇರಿಂಗ್ ಗಾಳಿಯ ದಾರಿಯಿಂದ ಹೊರಗಿರಬೇಕು.

ಕಿಡಿ ನಿರೋಧಕ ರಚನೆಗೆ ಅಮೆರಿಕದ ಫ್ಯಾನ್ ತಯಾರಕರ ಸಂಘ ಆ್ಯಮ್ಕಾ ಮೂರು ದರ್ಜೆ ಹೇಳುತ್ತದೆ, ನಮ್ಮ ತಯಾರಕರೂ ಅದೇ ಭಾಷೆ ಬಳಸುತ್ತಾರೆ. ‘ಎ’ಯಲ್ಲಿ ಗಾಳಿ ಮುಟ್ಟುವ ಎಲ್ಲ ಭಾಗವೂ ಕಬ್ಬಿಣೇತರ ಲೋಹ. ‘ಬಿ’ಯಲ್ಲಿ ಇಂಪೆಲ್ಲರ್ (ಬ್ಲೇಡುಗಳಿರುವ ತಿರುಗುವ ಚಕ್ರ) ಮತ್ತು ಶಾಫ್ಟ್ ಹೊರಬರುವ ತೂತಿನ ಸುತ್ತಲಿನ ರಿಂಗ್ ಕಬ್ಬಿಣೇತರ. ‘ಸಿ’ಯಲ್ಲಿ ಶಾಫ್ಟ್ ಅಥವಾ ಇಂಪೆಲ್ಲರ್ ಜರುಗಿದರೂ ಎರಡು ಕಬ್ಬಿಣದ ಭಾಗ ಪರಸ್ಪರ ಉಜ್ಜದಂತೆ ವ್ಯವಸ್ಥೆ, ಉದಾಹರಣೆಗೆ ಹೀರುವ ಬಾಯಿಯಲ್ಲಿ ಹಿತ್ತಾಳೆಯ ರಿಂಗ್. ಎಥನಾಲ್ ಕೋಣೆಗೆ ಕನಿಷ್ಠ ‘ಬಿ’ ಕೇಳುವುದು ಸರಿ.

ಅಲ್ಯೂಮಿನಿಯಂ ಎಂದಾಕ್ಷಣ ಸುರಕ್ಷಿತ ಎಂದುಕೊಳ್ಳುವುದು ಈ ವ್ಯವಹಾರದ ಅತಿ ದುಬಾರಿ ತಪ್ಪು. ಅಲ್ಯೂಮಿನಿಯಂ ಬ್ಲೇಡ್ ತುಕ್ಕು ಹಿಡಿದ ಕಬ್ಬಿಣಕ್ಕೆ ಬಡಿದರೆ ಥರ್ಮೈಟ್ ಕ್ರಿಯೆ ನಡೆದು, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಾಗಿನದಕ್ಕಿಂತ ಬಿಸಿಯಾದ ಕಿಡಿ ಹುಟ್ಟುತ್ತದೆ. ಆದ್ದರಿಂದ ಅಲ್ಯೂಮಿನಿಯಂ ಇಂಪೆಲ್ಲರ್ ಇದ್ದರೆ ಉಜ್ಜಬಹುದಾದ ಕಡೆ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ರಿಂಗ್ ಬೇಕೇ ಬೇಕು, ಕೇಸಿಂಗಿನ ಒಳಗೆ ತುಕ್ಕು ಇರಬಾರದು. ಅಲ್ಯೂಮಿನಿಯಂ ಪುಡಿ ಇರುವ ಪೇಂಟ್ ಅನ್ನು ತುಕ್ಕು ಹಿಡಿದ ಕೇಸಿಂಗಿಗೆ ಬಳಿಯುವುದೂ ಅದೇ ಅಪಾಯ.

ಹಾಗೆಂದು ಎಲ್ಲ ಕಡೆ ಹಿತ್ತಾಳೆಯೂ ನಡೆಯುವುದಿಲ್ಲ. ತಾಮ್ರ ಇರುವ ಲೋಹಗಳನ್ನು ಅಮೋನಿಯಾ ತಿನ್ನುತ್ತದೆ, ಹಿತ್ತಾಳೆ ಬಿರುಕು ಬಿಡುತ್ತದೆ. ವಿಜಯಪುರದ ಕೋಲ್ಡ್ ಸ್ಟೋರೇಜ್ ಮಷೀನ್ ರೂಮಿಗೆ ಹಿತ್ತಾಳೆ ರಿಂಗಿನ ಫ್ಯಾನ್ ಹಾಕಿದರೆ ಬೇಗ ಅದೇ ಸಮಸ್ಯೆಯಾಗುತ್ತದೆ, ಅಲ್ಲಿ ಅಲ್ಯೂಮಿನಿಯಂ-ಸ್ಟೇನ್‌ಲೆಸ್ ಜೋಡಿ ವಾಸಿ. ಅಸಿಟಿಲೀನ್ ಇರುವಲ್ಲಿ ತಾಮ್ರವನ್ನೇ ದೂರವಿಡಬೇಕು, ಅದು ತಾನೇ ಸಿಡಿಯುವ ತಾಮ್ರದ ಅಸಿಟಿಲೈಡ್ ಆಗುತ್ತದೆ. ತೇವಾಂಶದ ಜೊತೆ ಹೈಡ್ರೋಜನ್ ಸಲ್ಫೈಡ್ ತುಂಬಿದ ಬಯೋಗ್ಯಾಸಿಗೆ ಸ್ಟೇನ್‌ಲೆಸ್ 316 ಅಥವಾ ಆ್ಯಂಟಿಸ್ಟ್ಯಾಟಿಕ್ ಎಫ್‌ಆರ್‌ಪಿ (ನಾರು ಸೇರಿಸಿ ಗಟ್ಟಿ ಮಾಡಿದ ಪ್ಲಾಸ್ಟಿಕ್). ಎಫ್‌ಆರ್‌ಪಿ, ಪ್ಲಾಸ್ಟಿಕ್ ಬ್ಲೇಡ್ ಎಂದರೆ ಮೇಲ್ಮೈ ರೋಧ 1 ಗಿಗಾ ಓಮ್ ಮೀರಬಾರದು ಎಂಬ ಟೆಸ್ಟ್ ರಿಪೋರ್ಟ್ ಕೇಳಬೇಕು, ಇಲ್ಲದಿದ್ದರೆ ಒಣಹವೆಯಲ್ಲಿ ತಿರುಗುತ್ತ ತಾನೇ ಚಾರ್ಜ್ ಕಟ್ಟಿಕೊಳ್ಳುತ್ತದೆ.

ಬ್ಲೇಡಿಗೂ ಕೇಸಿಂಗಿಗೂ ನಡುವಿನ ಅಂತರಕ್ಕೆ ಯುರೋಪಿನ ಇಎನ್ 14986 ಮಾನದಂಡ ಒಂದು ಅಂಕಿ ಕೊಡುತ್ತದೆ: ಉಜ್ಜಬಹುದಾದ ವ್ಯಾಸದ 1 ಶೇಕಡಾ, ಆದರೆ 2 ಮಿಲಿಮೀಟರ್‌ಗೆ ಕಡಿಮೆಯಾಗಬಾರದು, 20 ಮೀರಬೇಕಿಲ್ಲ. 450 ಮಿಲಿಮೀಟರ್ ಫ್ಯಾನಿಗೆ ಅದು 4.5 ಮಿಲಿಮೀಟರ್. ಗಾಳಿ ಜಾಸ್ತಿ ಬರಲಿ ಎಂದು ಈ ಅಂತರ ಬಿಗಿ ಮಾಡುವ ತಯಾರಕರಿದ್ದಾರೆ. ಫ್ಯಾನ್ ಬಂದ ಕೂಡಲೇ ಕೈಯಿಂದ ತಿರುಗಿಸುತ್ತ ನಾಲ್ಕು ಕಡೆ ಫೀಲರ್ ಗೇಜ್ ಹಾಕಿ ನೋಡಿ.

ಗಾಳಿ ಎಷ್ಟು ಬೇಕು

‘ಗಂಟೆಗೆ ಹನ್ನೆರಡು ಸಲ ಗಾಳಿ ಬದಲಾಗಲಿ’ ಎಂಬುದು ಎಲ್ಲರ ಬಾಯಲ್ಲೂ ಇರುವ ಸೂತ್ರ. 10 ಮೀಟರ್ ಉದ್ದ, 6 ಅಗಲ, 5 ಎತ್ತರದ ಪಂಪ್ ಹೌಸ್ ಎಂದರೆ 300 ಘನ ಮೀಟರ್, ಗಂಟೆಗೆ 3,600 ಘನ ಮೀಟರ್ ಗಾಳಿ. ಆದರೆ ಈ ಸೂತ್ರ ಕೋಣೆಯನ್ನು ಅಳೆಯುತ್ತದೆ, ಸೋರಿಕೆಯನ್ನಲ್ಲ.

ಸೋರಿಕೆಯಿಂದ ಲೆಕ್ಕ ಹಾಕೋಣ. ಒಂದು ಲೀಟರ್ ಎಥನಾಲ್ ಸುಮಾರು 789 ಗ್ರಾಂ. 46 ಗ್ರಾಂಗೆ ಒಂದು ಮೋಲ್, ಅಂದರೆ 17 ಮೋಲ್ ಚಿಲ್ಲರೆ. ಮೋಲ್ ಒಂದಕ್ಕೆ 25 ಲೀಟರ್ ಆವಿ ಎಂದರೆ ಒಟ್ಟು 0.43 ಘನ ಮೀಟರ್. ಇದನ್ನು ಎಲ್‌ಇಎಲ್‌ನ ಹತ್ತನೇ ಒಂದು ಭಾಗಕ್ಕೆ, ಎಂದರೆ 0.33 ಶೇಕಡಾಕ್ಕೆ ತೆಳುಮಾಡಲು 130 ಘನ ಮೀಟರ್ ಗಾಳಿ ಬೇಕು. ಕೋಣೆಯಲ್ಲಿ ಗಾಳಿ ಎಂದೂ ಸಮನಾಗಿ ಬೆರೆಯುವುದಿಲ್ಲ, ಮೂಲೆಗಳಿರುತ್ತವೆ, ಆದ್ದರಿಂದ ನಾಲ್ಕರಿಂದ ಗುಣಿಸುತ್ತೇವೆ: 520. ಪಂಪಿನ ಸೀಲ್, ಸ್ಯಾಂಪಲ್ ತೆಗೆಯುವ ಜಾಗ, ಹೋಸ್ ಕಳಚುವಾಗ ಚೆಲ್ಲುವುದು ಎಲ್ಲ ಸೇರಿ ಗಂಟೆಗೆ 10 ಲೀಟರ್ ಆವಿಯಾಗುತ್ತದೆ ಎಂದರೆ 5,200 ಘನ ಮೀಟರ್. ಹನ್ನೆರಡು ಸಲದ ಸೂತ್ರ ಕೊಟ್ಟ 3,600 ಇಲ್ಲಿ ಕಡಿಮೆಬಿತ್ತು. ಎರಡೂ ಲೆಕ್ಕ ಮಾಡಿ ದೊಡ್ಡದನ್ನು ಹಿಡಿಯಬೇಕು.

5,200 ಎಂದರೆ ಸೆಕೆಂಡಿಗೆ 1.44 ಘನ ಮೀಟರ್. ಡಕ್ಟ್‌ನಲ್ಲಿ ವೇಗ 10 ಮೀಟರ್ ಇಟ್ಟರೆ ಸುಮಾರು 430 ಮಿಲಿಮೀಟರ್ ವ್ಯಾಸ ಬೇಕು. ಡಕ್ಟ್, ಬೆಂಡ್, ಜಾಲರಿ ಎಲ್ಲದರ ತಡೆ 250 ಪ್ಯಾಸ್ಕಲ್, ಫ್ಯಾನಿನ ದಕ್ಷತೆ ಅರ್ಧ ಎಂದರೆ ಶಾಫ್ಟಿಗೆ 0.72 ಕಿಲೋವ್ಯಾಟ್, ಹಾಗಾಗಿ 1.1 ಕಿಲೋವ್ಯಾಟ್ ಮೋಟರ್. ಗೋಡೆಗೆ ಕೂರಿಸುವ ಆ್ಯಕ್ಸಿಯಲ್ (ಗಾಳಿಯನ್ನು ನೇರ ಮುಂದಕ್ಕೆ ತಳ್ಳುವ) ಫ್ಯಾನಿನ ಕ್ಯಾಟಲಾಗ್ ಅಂಕಿ ಸಾಮಾನ್ಯವಾಗಿ ತಡೆಯೇ ಇಲ್ಲದಾಗಿನದು. ಅದಕ್ಕೆ ಎರಡು ಬೆಂಡಿನ ಡಕ್ಟ್ ಜೋಡಿಸಿದರೆ ಆ ಗಾಳಿ ಬರುವುದಿಲ್ಲ, ಇಂಥ ಕಡೆ ಸೆಂಟ್ರಿಫ್ಯೂಗಲ್ಲೇ ಬೇಕು.

ಕ್ಯಾಟಲಾಗ್ ಒತ್ತಡ ಪ್ರತಿ ಘನ ಮೀಟರಿಗೆ 1.2 ಕಿಲೋ ತೂಗುವ ಗಾಳಿಗೆ ಬರೆದದ್ದು. ಬೆಳಗಾವಿ ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಮೇಲಿದೆ, 35 ಡಿಗ್ರಿಯಲ್ಲಿ ಅಲ್ಲಿನ ಗಾಳಿ 1.04ರ ಹತ್ತಿರ. ಅಷ್ಟೇ ಘನ ಮೀಟರ್ ಹೋದರೂ ಫ್ಯಾನ್ ಕಟ್ಟುವ ಒತ್ತಡ 13 ಶೇಕಡಾ ಕಡಿಮೆ. ಎತ್ತರವನ್ನೂ ತಾಪಮಾನವನ್ನೂ ಎನ್‌ಕ್ವೈರಿಯಲ್ಲಿ ಬರೆದರೆ ತಯಾರಕರೇ ಸರಿಮಾಡಿ ಕೊಡುತ್ತಾರೆ, ಬರೆಯದಿದ್ದರೆ ಕೇಳುವುದಿಲ್ಲ.

ಹೊರಹೋಗುವ ಗಾಳಿಗೆ ಒಳಬರುವ ದಾರಿ ಬೇಕು. ಈ ಲೆಕ್ಕದ ಕೋಣೆಗೆ ಎದುರಿನ ಗೋಡೆಯಲ್ಲಿ ಮುಕ್ಕಾಲು ಚದರ ಮೀಟರಿನಷ್ಟು ಲೂವರ್ ಇರಲಿ. ಹೊರಬಿಡುವ ಬಾಯಿಯ ಸುತ್ತಲೂ ಒಂದು ಜೋನ್ ಹುಟ್ಟುತ್ತದೆ ಎಂಬುದನ್ನು ಮರೆಯಬಾರದು. ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುವ ದಾರಿಯ ಕಡೆಗೆ ಆ ಬಾಯಿ ತಿರುಗಿರಬಾರದು, ಡಿಜಿ ಸೆಟ್ ಕಡೆಗೂ ಅಲ್ಲ.

ದೂಳಿನ ಲೆಕ್ಕ ಬೇರೆ

ಸಕ್ಕರೆ ದೂಳು ಸಿಡಿಯುತ್ತದೆಂದು ನಂಬದವರು ಅಮೆರಿಕದ ಜಾರ್ಜಿಯಾದ ಪೋರ್ಟ್ ವೆಂಟ್‌ವರ್ತ್ ಸಕ್ಕರೆ ಕಾರ್ಖಾನೆಯಲ್ಲಿ 2008ರ ಫೆಬ್ರವರಿ 7ರಂದು ಆದದ್ದನ್ನು ನೆನೆಯಬೇಕು, 14 ಜನ ಸತ್ತರು. ದೂಳಿಗೆ ಜೋನ್ 20, 21, 22 ಎಂಬ ಬೇರೆ ವಿಂಗಡಣೆ, ಗ್ರೂಪ್ ಕೂಡ ಬೇರೆ: ಹತ್ತಿಯ ಎಳೆಯಂಥವು ಐಐಐಎ, ಸಕ್ಕರೆ, ಕಲ್ಲಿದ್ದಲಿನ ದೂಳು ಐಐಐಬಿ, ಲೋಹದ ಪುಡಿ ಐಐಐಸಿ. ಗ್ಯಾಸಿಗೆ ಮಾತ್ರ ಸರ್ಟಿಫೈ ಆದ ಎಫ್‌ಎಲ್‌ಪಿ ಮೋಟರ್ ಸಕ್ಕರೆ ಪ್ಯಾಕಿಂಗ್ ಹೌಸಿಗೆ ಆಗುವುದಿಲ್ಲ. ಅಲ್ಲಿ ‘ಎಕ್ಸ್ ಟಿಬಿ’ ಎಂಬ ದೂಳಿನ ಗುರುತು, ಮೇಲ್ಮೈ ತಾಪಮಾನದ ನೇರ ಅಂಕಿ ಬೇಕು.

ಆ ಅಂಕಿಗೆ ಎರಡು ಮಿತಿ. ದೂಳಿನ ಮೋಡ ಹೊತ್ತುವ ತಾಪದ ಮೂರನೇ ಎರಡು ಭಾಗ ಒಂದು, 5 ಮಿಲಿಮೀಟರ್ ಪದರ ಹೊತ್ತುವ ತಾಪದಲ್ಲಿ 75 ಕಳೆದದ್ದು ಇನ್ನೊಂದು. ನಿಮ್ಮ ದೂಳನ್ನು ಲ್ಯಾಬಿನಲ್ಲಿ ಪರೀಕ್ಷಿಸಿ ಮೋಡಕ್ಕೆ 360, ಪದರಕ್ಕೆ 300 ಎಂದು ಬಂತೆನ್ನಿ. ಮೊದಲನೆಯದು 240, ಎರಡನೆಯದು 225. ಕಡಿಮೆಯದೇ ಮಿತಿ: 225 ಡಿಗ್ರಿ. ಪದರ ದಪ್ಪವಾದಷ್ಟೂ ಮಿತಿ ಇನ್ನೂ ಕೆಳಗಿಳಿಯುತ್ತದೆ. ಫ್ಯಾನನ್ನು ಡಸ್ಟ್ ಕಲೆಕ್ಟರಿನ ನಂತರ, ಶುದ್ಧ ಗಾಳಿಯ ಕಡೆ ಇಡಿ. ಮೊದಲೇ ಇಟ್ಟರೆ ಸಕ್ಕರೆ ಬ್ಲೇಡಿಗೆ ಅಂಟಿ, ತೂಕ ಒಂದು ಬದಿಗೆ ವಾಲಿ, ವೈಬ್ರೇಶನ್ ಬಂದು ಕೊನೆಗೆ ಬೇರಿಂಗ್ ಹೋಗುತ್ತದೆ.

ಜೋಡಿಸುವಾಗ ಕೆಡುವುದು

ಸರಿಯಾದ ಫ್ಯಾನ್ ತಂದು, ಪಕ್ಕದಲ್ಲಿ ಮಾಮೂಲಿ ಸ್ವಿಚ್ ಹಾಕುವುದು ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು. ಸ್ಟಾರ್ಟರ್, ಪುಶ್ ಬಟನ್, ಐಸೊಲೇಟರ್ ಒಂದೋ ಸುರಕ್ಷಿತ ಜಾಗದಲ್ಲಿರಬೇಕು, ಇಲ್ಲವೇ ಅದೇ ಗ್ರೂಪಿನ ಫ್ಲೇಮ್‌ಪ್ರೂಫ್ ಆಗಿರಬೇಕು. ಸಿಂಗಲ್ ಫೇಸ್ ಫ್ಯಾನಾದರೆ ಕೆಪಾಸಿಟರ್ ಕೂಡ ಕವಚದ ಒಳಗೇ ಇರಬೇಕು. ಅಮೋನಿಯಾ ಕೋಣೆಯ ಫ್ಯಾನ್ ಸ್ವಿಚ್ ಬಾಗಿಲ ಹೊರಗೂ ಇರಲಿ, ಅಮೋನಿಯಾ ಹೊತ್ತುವುದು 15 ಶೇಕಡಾದಲ್ಲಾದರೂ ಅದಕ್ಕೆ ಬಹಳ ಮೊದಲೇ ಉಸಿರು ನಿಲ್ಲಿಸುತ್ತದೆ, ಒಳಗೆ ಹೋಗಿ ಸ್ವಿಚ್ ಹಾಕಲು ಯಾರಿಗೂ ಆಗದು.

ಕೇಬಲ್ ಗ್ಲ್ಯಾಂಡ್ ಫ್ಲೇಮ್‌ಪ್ರೂಫ್ ಡಬಲ್ ಕಂಪ್ರೆಶನ್ ಇರಲಿ, ಕೇಬಲಿನ ವ್ಯಾಸಕ್ಕೆ ಹೊಂದುವಂಥದು. ಕನಿಷ್ಠ ಐದು ಪೂರ್ತಿ ಥ್ರೆಡ್ ಕಚ್ಚಿರಬೇಕು. ಬಳಸದ ತೂತಿಗೆ ಸರ್ಟಿಫೈ ಆದ ಲೋಹದ ಪ್ಲಗ್ ಹಾಕಬೇಕು, ಎಂ-ಸೀಲ್ ಮೆತ್ತುವುದು ನಡೆಯುವುದಿಲ್ಲ. ಮುಚ್ಚಳದ ಎಲ್ಲ ಬೋಲ್ಟೂ ಬೇಕು, ಕಳೆದುಹೋದದ್ದಕ್ಕೆ ಅದೇ ದರ್ಜೆಯದನ್ನೇ ತರಬೇಕು. ಜೋಡು ಮೇಲ್ಮೈಗೆ ಗಟ್ಟಿಯಾಗದ ಗ್ರೀಸ್ ತೆಳ್ಳಗೆ ಸವರಬಹುದು, ಗ್ಯಾಸ್ಕೆಟ್ ಸೇರಿಸಬಾರದು. ಫ್ಲ್ಯಾಂಜ್ ಜೋಡಣೆಯ ಎದುರು ಗೋಡೆಯೋ ಆ್ಯಂಗಲ್ಲೋ ಅಡ್ಡ ಬರುವಂತಿಲ್ಲ: ಐಐಎಗೆ 10 ಮಿಲಿಮೀಟರ್, ಐಐಬಿಗೆ 30, ಐಐಸಿಗೆ 40 ಖಾಲಿ ಬಿಡಬೇಕು.

ಡಕ್ಟಿಗೂ ಫ್ಯಾನಿಗೂ ನಡುವೆ ಅಲುಗಾಟ ತಡೆಯಲು ಹಾಕುವ ಕ್ಯಾನ್ವಾಸ್ ತುಂಡು ಅರ್ತ್ ಸಂಪರ್ಕವನ್ನೂ ತುಂಡರಿಸುತ್ತದೆ. ಆಚೆಈಚೆ ತಾಮ್ರದ ಬ್ರೇಡ್ ಹಾಕಿ, ಡಕ್ಟಿನಿಂದ ಅರ್ತಿಗೆ 10 ಓಮ್ ಒಳಗಿದೆಯೇ ಅಳೆಯಿರಿ. ಮೋಟರ್ ಬಾಡಿಗೆ ಎರಡು ಪ್ರತ್ಯೇಕ ಅರ್ತ್.

ಮೊದಲ ಸಲ ಚಾಲು ಮಾಡುವಾಗ ತಿರುಗುವ ದಿಕ್ಕನ್ನು ಬಾಣದ ಗುರುತಿಗೆ ಹೋಲಿಸಿ ನೋಡಬೇಕು, ಗಾಳಿ ಬರುತ್ತಿದೆಯಲ್ಲ ಎಂದು ಸುಮ್ಮನಾಗಬಾರದು. ಆ್ಯಕ್ಸಿಯಲ್ ಫ್ಯಾನಿಗೆ ಫೇಸ್ ಅದಲುಬದಲಾದರೆ ಗಾಳಿ ಉಲ್ಟಾ ಬರುತ್ತದೆ, ತಪ್ಪು ಗೊತ್ತಾಗುತ್ತದೆ. ಸೆಂಟ್ರಿಫ್ಯೂಗಲ್ ಉಲ್ಟಾ ತಿರುಗಿದರೂ ಗಾಳಿ ಅದೇ ದಿಕ್ಕಿಗೆ ಹೋಗುತ್ತದೆ, ಪ್ರಮಾಣ ಮಾತ್ರ ತೀರಾ ಕಡಿಮೆ. ವರ್ಷಗಟ್ಟಲೆ ಯಾರೂ ಗಮನಿಸದೆ ಹೀಗೇ ಓಡಿದ ಬ್ಲೋವರ್‌ಗಳಿವೆ. ಇದೇ ಕಾರಣಕ್ಕೆ ‘ಫ್ಯಾನ್ ಓಡುತ್ತಿದೆ’ ಎಂಬ ಸಂಕೇತವನ್ನು ಕಾಂಟ್ಯಾಕ್ಟರಿನಿಂದ (ಮೋಟರಿಗೆ ಕರೆಂಟ್ ಕೊಡುವ ಸ್ವಿಚ್) ತೆಗೆದುಕೊಳ್ಳದೆ ಡಕ್ಟಿನ ಒತ್ತಡ ನೋಡುವ ಸ್ವಿಚ್ಚಿನಿಂದ ತೆಗೆದುಕೊಳ್ಳಬೇಕು. ಬೆಲ್ಟ್ ಹರಿದರೂ ಕಾಂಟ್ಯಾಕ್ಟರ್ ಎಳೆದೇ ಇರುತ್ತದೆ.

ವಿಎಫ್‌ಡಿ (ಮೋಟರಿನ ವೇಗ ಹೆಚ್ಚುಕಡಿಮೆ ಮಾಡುವ ಡ್ರೈವ್) ಹಾಕುವ ಯೋಚನೆಯಿದ್ದರೆ ಮೋಟರ್ ಆರ್ಡರ್ ಮಾಡುವಾಗಲೇ ಹೇಳಬೇಕು. ವೇಗ ತಗ್ಗಿದರೆ ಮೋಟರಿನ ಸ್ವಂತ ಕೂಲಿಂಗ್ ಫ್ಯಾನೂ ಸೋಲುತ್ತದೆ, ಮೈ ಬಿಸಿಯಾಗುತ್ತದೆ. ಸರ್ಟಿಫಿಕೇಟ್ ವಿಎಫ್‌ಡಿಗೆ ಒಪ್ಪಿರಬೇಕು, ವೈಂಡಿಂಗ್‌ನಲ್ಲಿ ಬಿಸಿ ಅಳೆಯುವ ಪಿಟಿಸಿ ಥರ್ಮಿಸ್ಟರ್ ಇರಬೇಕು, ಅದು ಡ್ರೈವನ್ನು ಟ್ರಿಪ್ ಮಾಡುವಂತೆ ಜೋಡಿಸಿರಬೇಕು.

ಸುಟ್ಟ ಮೋಟರ್ ರೀವೈಂಡಿಂಗ್‌ಗೆ ಹೋದಾಗ

ಹಂಗಾಮಿನ ನಡುವೆ ಮೋಟರ್ ಸುಟ್ಟರೆ ಹತ್ತಿರದ ವೈಂಡರ್ ಬಳಿಗೆ ಹೋಗುತ್ತದೆ, ಮಾರನೇ ದಿನ ವಾಪಸು ಬರುತ್ತದೆ. ಚೆನ್ನಾಗಿ ಓಡುತ್ತದೆ ಕೂಡ. ಆದರೆ ಎಂಡ್ ಶೀಲ್ಡ್ (ಮೋಟರಿನ ತುದಿಯ ಮುಚ್ಚಳ) ಬಿಗಿಯಾಗಿದೆ ಎಂದು ವೈಂಡರ್ ಎಮರಿ ಕಾಗದ ಹಾಕಿ ಉಜ್ಜಿದ್ದರೆ, ಲೇತಿನಲ್ಲಿ ಒಂದು ಕೂದಲೆಳೆಯಷ್ಟು ತೆಗೆದಿದ್ದರೆ, ಬೆಂಕಿ ತಣಿಸಬೇಕಾದ ಸಂದಿ ದೊಡ್ಡದಾಯಿತು. ಶಾಫ್ಟ್ ಹೊರಬರುವ ಕಡೆ ಬುಶ್ ಸಡಿಲವಾದರೂ ಅಷ್ಟೆ. ಸುಟ್ಟ ವೈಂಡಿಂಗ್ ಬಿಡಿಸಲು ಬೆಂಕಿ ಹಾಕಿದರೆ ಸ್ಟೇಟರ್ ತಗಡುಗಳ ನಡುವಿನ ಲೇಪ ಹೋಗಿ, ಮುಂದೆ ಅದೇ ಲೋಡಿಗೆ ಮೋಟರ್ ಹೆಚ್ಚು ಬಿಸಿಯಾಗುತ್ತದೆ, ಟಿ4 ಎಂಬ ಮಾತು ಉಳಿಯುವುದಿಲ್ಲ. ಇದಕ್ಕೆಂದೇ ಐಎಸ್/ಐಇಸಿ 60079ರ 19ನೇ ಭಾಗವಿದೆ. ಅದರಂತೆ ಕೆಲಸ ಮಾಡಿ ಸಂದಿಯ ಅಳತೆ ಬರೆದು ಕೊಡುವ ವರ್ಕ್‌ಶಾಪಿಗೆ ಅಥವಾ ತಯಾರಕರಿಗೇ ಕಳಿಸಬೇಕು. ಅದಕ್ಕೆ ದಿನ ಹಿಡಿಯುವುದರಿಂದ, ಎರಡು ಫ್ಯಾನ್ ತರಿಸುವವರು ಅದೇ ಫ್ರೇಮಿನ ಮೂರನೇ ಮೋಟರೊಂದನ್ನು ಸ್ಟೋರ್ಸ್‌ನಲ್ಲಿಟ್ಟರೆ ಹಂಗಾಮು ನಿಲ್ಲುವುದಿಲ್ಲ. ಅಳತೆಪಟ್ಟಿಯಿಲ್ಲದೆ ರೀವೈಂಡ್ ಆಗಿ ಬಂದ ಮೋಟರಿನ ಎಕ್ಸ್ ಪ್ಲೇಟ್ ಕಳಚಿ, ನೀರಿನ ಪಂಪಿಗೋ ಇನ್ನಾವುದಾದರೂ ಸುರಕ್ಷಿತ ಜಾಗದ ಕೆಲಸಕ್ಕೋ ಕೊಡಬೇಕು.